ಪೆಟ್ಟಿಗೆ ನಿಮ್ಮದು, ಬೀಗದ ಕೈ ಅವರದು!

ಗೆಳೆಯರೇ, ನಿಮ್ಮ ಟಿ.ವಿ. ಪಕ್ಕದಲ್ಲಿ ಕೂತಿರುವ ಆಟದ ಪೆಟ್ಟಿಗೆಯನ್ನು ಒಮ್ಮೆ ತಿರುಗಿಸಿ ನೋಡಿ. ಸೋನಿಯದ್ದೋ, ಮೈಕ್ರೋಸಾಫ್ಟಿನದ್ದೋ, ನಿಂಟೆಂಡೊದ್ದೋ, ಯಾವುದಾದರೂ ಸರಿ. ಕಂತಿನಲ್ಲಿ ತಂದಿದ್ದೀರಿ, ಅಪ್ಪನ ಹತ್ತಿರ ಜಗಳ ಕಾದು ತಂದಿದ್ದೀರಿ, ಇಲ್ಲವೇ ಮೊದಲ ಸಂಬಳ ಸುರಿದು ತಂದಿದ್ದೀರಿ. ಇನ್ನೂ ತರಲಾಗದವರು ಅಂಗಡಿಯ ಗಾಜಿನಾಚೆ ನಿಂತು ನೋಡಿ ಬಂದಿದ್ದೀರಿ. ಅದರ ಬಣ್ಣ, ಅದರ ಬಾಗು, ಡಿಸ್ಕ್ ತೂರಿಸುವ ಸೀಳು, ಮುಂದಿನ ದೀಪ, ಹಿಂದಿನ ತೂತು, ಇವೆಲ್ಲ ಯಾರೋ ಕುಶಲಕರ್ಮಿ ಚೆಂದಕ್ಕೆಂದು ಮಾಡಿದ್ದು ಅಂತ ನೀವು ತಿಳಿದಿದ್ದರೆ, ನಿಮ್ಮಂಥ ಒಳ್ಳೆಯ ಗಿರಾಕಿ ಆ ಕಂಪನಿಗಳಿಗೆ ಇನ್ನೊಬ್ಬ ಸಿಕ್ಕಲಾರ.

ಆಟ ಬಿಡಿ, ಓದಿ ಉದ್ಧಾರವಾಗಿ ಎಂದು ಉಪದೇಶ ಮಾಡಲು ಈ ಪುಟ ಬರೆಯುತ್ತಿಲ್ಲ. ಆ ಕೆಲಸಕ್ಕೆ ನಿಮ್ಮ ಮನೆಯಲ್ಲೇ ಸಾಕಷ್ಟು ಜನರಿದ್ದಾರೆ. ಆಡಿ, ಚೆನ್ನಾಗಿ ಆಡಿ. ಆದರೆ ನಿಮಗೆ ಮಾರಿದ್ದು ಏನು, ಹೇಗೆ ಮಾರಿದರು, ಮಾರಿದ ಮೇಲೂ ತಮ್ಮ ಕೈಯಲ್ಲೇ ಉಳಿಸಿಕೊಂಡದ್ದು ಏನು, ಇಷ್ಟಾದರೂ ಗೊತ್ತಿರಬೇಡವೇ?

ಕತೆ ಜಪಾನಿನ ಕ್ಯೋಟೋ ನಗರದಿಂದ ಶುರು. ನಿಂಟೆಂಡೊ ಎಂಬುದು ಮೂಲದಲ್ಲಿ ಇಸ್ಪೀಟೆಲೆ ಮಾಡಿ ಮಾರುತ್ತಿದ್ದ ಕಂಪನಿ. 1889ರಷ್ಟು ಹಳೆಯದು. ಅದು 1983ರ ಜುಲೈನಲ್ಲಿ 'ಫ್ಯಾಮಿಲಿ ಕಂಪ್ಯೂಟರ್' ಎಂಬ ಪೆಟ್ಟಿಗೆ ಬಿಟ್ಟಿತು. ಬೆಲೆ 14,800 ಯೆನ್. ಜನ ಅದನ್ನು ಚಿಕ್ಕದಾಗಿ ಫ್ಯಾಮಿಕಾಮ್ ಎಂದರು. ಮಸಾಯುಕಿ ಉಯೆಮುರಾ ಎಂಬ ಎಂಜಿನಿಯರ್ ರೂಪಿಸಿದ್ದು. ಕೆಂಪು-ಬಿಳಿ ಬಣ್ಣ, ದುಂಡನೆ ಮೂಲೆ, ಮೇಲಿಂದ ಒತ್ತುವ ಕಾರ್ಟ್ರಿಜ್, ಪಕ್ಕದಲ್ಲೇ ಸಿಕ್ಕಿಸಿಡುವ ಕಂಟ್ರೋಲರ್‌ಗಳು. ನೋಡಿದ ಕೂಡಲೇ ಮಕ್ಕಳ ಆಟಿಕೆ ಎಂದು ಗೊತ್ತಾಗುತ್ತಿತ್ತು. ಗೊತ್ತಾಗಲೆಂದೇ ಹಾಗೆ ಮಾಡಿದ್ದರು. ಜಪಾನಿನಲ್ಲಿ ಅದು ಬಿಸಿ ದೋಸೆಯಂತೆ ಖರ್ಚಾಯಿತು.

ಅದೇ ಹೊತ್ತಿಗೆ ಅಮೆರಿಕದಲ್ಲಿ ವಿಡಿಯೋ ಗೇಮ್ ಎಂಬ ಪದವೇ ಮೈಲಿಗೆಯಾಗಿತ್ತು. ಅಟಾರಿ ಮತ್ತದರ ಹಿಂದೆ ಬಿದ್ದ ನೂರಾರು ಕಂಪನಿಗಳು ಕಸದಂಥ ಆಟಗಳನ್ನು ಅಂಗಡಿಗಳಿಗೆ ತುಂಬಿಸಿ, ಗಿರಾಕಿ ಕೈಬಿಟ್ಟು, 1983ರಲ್ಲಿ ಇಡೀ ಉದ್ಯಮ ಬೋರಲು ಬಿತ್ತು. ವರ್ಷಕ್ಕೆ 300 ಕೋಟಿ ಡಾಲರ್ ಆಸುಪಾಸಿನಲ್ಲಿದ್ದ ವಹಿವಾಟು 1985ರ ಹೊತ್ತಿಗೆ 10 ಕೋಟಿಗೆ ಇಳಿಯಿತೆಂಬ ಲೆಕ್ಕವಿದೆ. ಮಾರಾಟವಾಗದ ಕಾರ್ಟ್ರಿಜ್‌ಗಳನ್ನು ಅಟಾರಿ ನ್ಯೂ ಮೆಕ್ಸಿಕೋದ ಆಲಮೊಗಾರ್ಡೊ ಎಂಬ ಊರಿನ ಕಸದ ಗುಂಡಿಯಲ್ಲಿ ಹೂತುಹಾಕಿತು. ಕಟ್ಟುಕತೆ ಎಂದೇ ಬಹಳ ಜನ ನಂಬಿದ್ದರು. 2014ರಲ್ಲಿ ಅಗೆದಾಗ ಡಬ್ಬಿ ಸಮೇತ ಸಿಕ್ಕವು!

ಇಂಥ ಊರಿಗೆ ನಿಂಟೆಂಡೊ ತನ್ನ ಆಟಿಕೆಯನ್ನು ಹೊತ್ತು ಹೋಗಬೇಕಿತ್ತು. ಮೊದಲು 1985ರ ಜನವರಿಯಲ್ಲಿ ಕೀಲಿಮಣೆ, ಕ್ಯಾಸೆಟ್ ರೆಕಾರ್ಡರ್ ಎಲ್ಲ ಸೇರಿಸಿ ಕಂಪ್ಯೂಟರಿನ ವೇಷ ಹಾಕಿಸಿ ಪ್ರದರ್ಶನಕ್ಕಿಟ್ಟರು. ಅಂಗಡಿಯವರು ಮೂಸಿಯೂ ನೋಡಲಿಲ್ಲ. ಆಮೇಲೆ ಮಾಡಿದ್ದೇ ನಿಜವಾದ ನಾಟಕ. ಲ್ಯಾನ್ಸ್ ಬಾರ್ ಎಂಬ ವಿನ್ಯಾಸಕಾರ ಕೆಂಪು-ಬಿಳಿ ಆಟಿಕೆಯನ್ನು ಬೂದು ಬಣ್ಣದ ಚೌಕ ಡಬ್ಬಿಯಾಗಿಸಿದ. ಮುಂದುಗಡೆ ಒಂದು ಮುಚ್ಚಳ. ಅದನ್ನೆತ್ತಿ ಕಾರ್ಟ್ರಿಜ್ ಒಳಗೆ ತಳ್ಳಿ ಕೆಳಗೆ ಒತ್ತಬೇಕು. ಥೇಟ್ ಆಗಿನ ವಿ.ಸಿ.ಆರ್.ಗೆ ಕ್ಯಾಸೆಟ್ ಹಾಕಿದ ಹಾಗೆ. ಹೆಸರಿನಲ್ಲಿ ವಿಡಿಯೋ ಗೇಮ್ ಎಂಬ ಪದ ಇರಕೂಡದು! 'ನಿಂಟೆಂಡೊ ಎಂಟರ್‌ಟೈನ್‌ಮೆಂಟ್ ಸಿಸ್ಟಂ' ಎಂದರು. ಪೆಟ್ಟಿಗೆಗೆ 'ಕಂಟ್ರೋಲ್ ಡೆಕ್', ಕಾರ್ಟ್ರಿಜ್‌ಗೆ 'ಗೇಮ್ ಪ್ಯಾಕ್'. ಜೊತೆಗೊಂದು ಪ್ಲಾಸ್ಟಿಕ್ ರೋಬಾಟ್, ರಾಬ್ ಅಂತ ಹೆಸರು. ಟಿ.ವಿ. ಪರದೆಯ ಮಿಣುಕನ್ನು ನೋಡಿ ಕೈ ಆಡಿಸುವ ಗೊಂಬೆ. ಆ ರೋಬಾಟ್ ಜೊತೆ ಆಡಬಹುದಾದ ಆಟಗಳು ಎಷ್ಟು ಗೊತ್ತೇ? ಎರಡು. ಎರಡೇ ಎರಡು.

ಅದು ಆಡುವುದಕ್ಕೆ ಬಂದದ್ದಲ್ಲ ಸ್ವಾಮಿ, ಅಂಗಡಿಯವನ ಕಣ್ಣಿಗೆ ಮಣ್ಣೆರಚಲು ಬಂದದ್ದು. ಇದು ವಿಡಿಯೋ ಗೇಮ್ ಅಲ್ಲ ಕಣಯ್ಯಾ, ರೋಬಾಟ್ ಆಟಿಕೆ ಎಂದು ಹೇಳಿ ಕಪಾಟಿನಲ್ಲಿ ಜಾಗ ಗಿಟ್ಟಿಸಲು. 1985ರ ಅಕ್ಟೋಬರಿನಲ್ಲಿ ನ್ಯೂಯಾರ್ಕಿನಲ್ಲಿ ಪ್ರಯೋಗಕ್ಕೆ ಮಾರಾಟ. ಮಾರಿದ್ದಕ್ಕಷ್ಟೇ ದುಡ್ಡು ಕೊಡಿ, ಉಳಿದದ್ದನ್ನು ನಾವೇ ವಾಪಸ್ ಒಯ್ಯುತ್ತೇವೆ ಎಂಬ ಕರಾರು. ಗೆದ್ದರು. ಗೆದ್ದ ಮೇಲೆ ರೋಬಾಟ್ ಸದ್ದಿಲ್ಲದೆ ಮೂಲೆ ಸೇರಿತು.

ಆ ಮುಂಬಾಗಿಲಿನ ಶೋಕಿಗೆ ಬೆಲೆ ತೆತ್ತವರು ಯಾರು? ಆಡುವ ಹುಡುಗರು. ಕಾರ್ಟ್ರಿಜ್ಜನ್ನು ತಳ್ಳಿ ಒತ್ತಿ, ತಳ್ಳಿ ಒತ್ತಿ, ಒಳಗಿನ ತಗಡಿನ ಹಲ್ಲುಗಳು ಸಡಿಲವಾದವು. ಪರದೆ ಮಿಣಮಿಣ ಎನ್ನತೊಡಗಿತು. ಹುಡುಗರು ಕಾರ್ಟ್ರಿಜ್ ಹೊರಗೆಳೆದು ಉಫ್ ಎಂದು ಊದಿ ಮತ್ತೆ ಹಾಕುವುದನ್ನು ಕಲಿತರು. ಊದಿದ್ದರಿಂದ ಎಂಜಲ ತೇವ ತಗಲಿ ತಗಡು ಇನ್ನಷ್ಟು ಹಾಳಾಗುತ್ತಿತ್ತೇ ಹೊರತು ಉಪಯೋಗವೇನಿಲ್ಲ. ಸರಿಹೋಗುತ್ತಿದ್ದದ್ದು ತೆಗೆದು ಮತ್ತೆ ಕೂರಿಸಿದ್ದರಿಂದ. ವಿ.ಸಿ.ಆರ್. ವೇಷದ ಹಠಕ್ಕೆ ಒಂದು ತಲೆಮಾರಿನ ಮಕ್ಕಳು ಊದುಗೊಳವೆಗಳಾದರು!

ಆ ಮಿಣುಕಿನ ಹಿಂದೆ ಇನ್ನೊಂದು ವಿಷಯವಿದೆ. ಈ ಲೇಖನದ ಹೂರಣ ಅದೇ, ಸ್ವಲ್ಪ ನಿಧಾನವಾಗಿ ಓದಿ. ಅಮೆರಿಕದ ಪೆಟ್ಟಿಗೆಯೊಳಗೆ ನಿಂಟೆಂಡೊ ಒಂದು ಪುಟ್ಟ ಚಿಪ್ ಇಟ್ಟಿತ್ತು. ಪೆಟ್ಟಿಗೆಯಲ್ಲಿ ಒಂದು, ಪ್ರತಿ ಕಾರ್ಟ್ರಿಜ್‌ನಲ್ಲಿ ಅದರ ಜೋಡಿ ಒಂದು. ಎರಡೂ ಸದಾ ಪಿಸುಮಾತಿನಲ್ಲಿ ಗುರುತಿನ ಮಾತು ಆಡುತ್ತಿರಬೇಕು. ಗುರುತು ತಪ್ಪಿತೋ, ಪೆಟ್ಟಿಗೆ ತನ್ನನ್ನು ತಾನೇ ರೀಸೆಟ್ ಮಾಡಿಕೊಳ್ಳುತ್ತದೆ. ಸೆಕೆಂಡಿಗೆ ಸುಮಾರು ಒಂದು ಸಲ. ನೀವು ನೋಡಿದ ಮಿಣುಕು ಅದೇ. ತಗಡು ಸಡಿಲವಾದಾಗ ಪೆಟ್ಟಿಗೆಯ ಕಣ್ಣಿಗೆ ನಿಮ್ಮ ಅಸಲಿ ಕಾರ್ಟ್ರಿಜ್ ಕೂಡ ಕಳ್ಳನಂತೆ ಕಂಡಿತು. ದುಡ್ಡು ಕೊಟ್ಟು ಕೊಂಡವನನ್ನು ಅವನ ಮನೆಯೊಳಗೇ ನಿಲ್ಲಿಸಿ ಪ್ರತಿ ಸೆಕೆಂಡಿಗೆ ಜಫ್ತಿ ಮಾಡುವ ವಿದ್ಯೆ ಅಲ್ಲಿಂದ ಬೇರುಬಿಟ್ಟಿತು.

ಕಂಪನಿ ಕೊಟ್ಟ ಕಾರಣ ಗುಣಮಟ್ಟ. ಅಟಾರಿ ಕಾಲದ ಕಸ ಮತ್ತೆ ಬರಕೂಡದಲ್ಲ! ಕಾರಣದಲ್ಲಿ ಹುರುಳಿಲ್ಲವೆಂದಲ್ಲ. ಆದರೆ ಚಿಪ್ ನಿಂಟೆಂಡೊ ಕೈಯಲ್ಲಿ, ಕಾರ್ಟ್ರಿಜ್ ತಯಾರಿಕೆ ನಿಂಟೆಂಡೊ ಕೈಯಲ್ಲಿ, ಯಾರು ಆಟ ಬರೆಯಬಹುದೆಂಬ ತೀರ್ಮಾನವೂ ನಿಂಟೆಂಡೊ ಕೈಯಲ್ಲಿ. ಹೊರಗಿನ ಕಂಪನಿಗೆ ವರ್ಷಕ್ಕೆ 5 ಆಟ, ಅದಕ್ಕಿಂತ ಹೆಚ್ಚಿಲ್ಲ. ಇದರ ವಿರುದ್ಧ ಸಿಡಿದೆದ್ದ ಅಟಾರಿ ಗೇಮ್ಸ್ ಮಾಡಿದ್ದೂ ಸಾಚಾ ಕೆಲಸವೇನಲ್ಲ. ಸುಳ್ಳು ಕಾರಣ ಹೇಳಿ ಅಮೆರಿಕದ ಕಾಪಿರೈಟ್ ಕಚೇರಿಯಿಂದ ಆ ಚಿಪ್ಪಿನ ಗುಟ್ಟಿನ ಪ್ರತಿ ಪಡೆದು ತನ್ನದೇ ಕಳ್ಳಬೀಗ ಮಾಡಿತು. 1992ರಲ್ಲಿ ಮೇಲಿನ ಕೋರ್ಟಿನಲ್ಲೂ ಮುಖಭಂಗವಾಯಿತು.

ಇಲ್ಲೊಂದು ತಮಾಷೆಯಿದೆ, ಅದು ನಮ್ಮೂರಿಗೂ ಸೇರಿದ್ದು. ಜಪಾನಿನ ಮೂಲ ಫ್ಯಾಮಿಕಾಮ್‌ನಲ್ಲಿ ಆ ಬೀಗದ ಚಿಪ್ ಇರಲೇ ಇಲ್ಲ. ಹಾಗಾಗಿ ಅದನ್ನು ನಕಲು ಮಾಡುವುದು ಸುಲಭ. ತೈವಾನ್, ಚೀನಾದಲ್ಲಿ ತಯಾರಾದ ನಕಲಿ ಫ್ಯಾಮಿಕಾಮ್‌ಗಳು ಜಗತ್ತಿನ ಬಡ ಮಾರುಕಟ್ಟೆಗಳಿಗೆಲ್ಲ ಹರಿದವು. ತೊಂಬತ್ತರ ದಶಕದಲ್ಲಿ ಬೆಂಗಳೂರು, ಹುಬ್ಬಳ್ಳಿ, ಮೈಸೂರಿನ ಮಧ್ಯಮ ವರ್ಗದ ಮನೆಗಳಿಗೆ ಬಂದ 'ಟಿ.ವಿ. ಗೇಮ್'ಗಳಲ್ಲಿ ಬಹುಪಾಲು ಇವೇ. ಹಳದಿ ಕಾರ್ಟ್ರಿಜ್, ಅದರ ಮೇಲೆ '9999 ಇನ್ 1' ಎಂಬ ಅಪ್ಪಟ ಸುಳ್ಳು, ಒಳಗೆ ಅದೇ ಹತ್ತಿಪ್ಪತ್ತು ಆಟ ತಿರುಗಿ ಮುರುಗಿ. ನಿಮ್ಮ ಅಣ್ಣಂದಿರನ್ನು ಕೇಳಿ ನೋಡಿ. ಮಾರಿಯೋ, ಕಾಂಟ್ರಾ ಎಲ್ಲ ಅರೆದು ಕುಡಿದವರು ನಿಂಟೆಂಡೊ ಕಂಪನಿಯ ಒಂದು ತುಂಡು ಪ್ಲಾಸ್ಟಿಕ್ಕನ್ನೂ ಮುಟ್ಟಿರಲಿಲ್ಲ. ಅಧಿಕೃತ ಅಂಗಡಿ ನಮ್ಮನ್ನು ಲೆಕ್ಕಕ್ಕಿಡದೆ ಹೋದಾಗ ಬಾಗಿಲಿಲ್ಲದ ಪೆಟ್ಟಿಗೆಯೇ ನಮ್ಮ ಮನೆ ಬಾಗಿಲಿಗೆ ಬಂತು.

ಎಲ್ಲ ವಿನ್ಯಾಸವೂ ಮೋಸವೇ ಎಂದು ನಾನು ಬೊಬ್ಬೆ ಹೊಡೆದರೆ ಅದು ಅನ್ಯಾಯವಾದೀತು. ಅದೇ ನಿಂಟೆಂಡೊದಲ್ಲಿ ಗುನ್‌ಪೆಯ್ ಯೊಕೊಯ್ ಎಂಬ ಮಹಾನುಭಾವನಿದ್ದ. ಈಗ ನಿಮ್ಮ ಹೆಬ್ಬೆರಳಿನ ಕೆಳಗಿರುವ ಕೂಡುಗುರುತಿನ ಗುಂಡಿ, ಅದು 1982ರಲ್ಲಿ ಅವನು ಕೈಯಾಟಿಕೆಯೊಂದಕ್ಕೆ ಮಾಡಿದ್ದು. ಹಳತಾಗಿ ಅಗ್ಗವಾದ ತಂತ್ರಜ್ಞಾನವನ್ನು ಹೊಸ ಬಗೆಯಲ್ಲಿ ಬಳಸು ಎಂಬುದು ಅವನ ಸೂತ್ರ. 1989ರ ಗೇಮ್‌ಬಾಯ್ ನೋಡಿ. ಬಣ್ಣವಿಲ್ಲ, ಹಸಿರು ಮಿಶ್ರಿತ ಮಂಕು ಪರದೆ, ಹಿಂದಿನಿಂದ ಬೆಳಕೂ ಇಲ್ಲ. ಎದುರಾಳಿ ಸೇಗಾದ ಗೇಮ್‌ಗಿಯರ್ ಬಣ್ಣದಲ್ಲಿ ಮಿಂಚುತ್ತಿತ್ತು. ಆದರೆ ಗೇಮ್‌ಗಿಯರ್ 6 ಪೆನ್‌ಸೆಲ್ ನುಂಗಿ ಮೂರರಿಂದ ಐದು ಗಂಟೆಗೆ ಮಲಗಿಬಿಡುತ್ತಿತ್ತು. ಗೇಮ್‌ಬಾಯ್ 4 ಸೆಲ್ ಹಾಕಿಕೊಂಡು ಹತ್ತು ಗಂಟೆಗೂ ಮೀರಿ ಓಡುತ್ತಿತ್ತು. ಕೆಳಗೆ ಬಿದ್ದರೂ ಜಗ್ಗುತ್ತಿರಲಿಲ್ಲ. ಹುಡುಗನ ಜೇಬಿನಲ್ಲಿ ಸೆಲ್‌ಗೆ ಎಷ್ಟು ಕಾಸಿದೆ ಎಂದು ಲೆಕ್ಕ ಹಾಕಿ ಮಾಡಿದ ವಸ್ತು ಅದು. ಅದು ಮತ್ತದರ ಬಣ್ಣದ ತಮ್ಮ ಸೇರಿ 11 ಕೋಟಿ 86 ಲಕ್ಷಕ್ಕೂ ಹೆಚ್ಚು ಮಾರಾಟವಾದವು. ಯೊಕೊಯ್ 1997ರಲ್ಲಿ ರಸ್ತೆ ಅಪಘಾತದಲ್ಲಿ ತೀರಿಕೊಂಡ. ಅವನಂಥ ಲೆಕ್ಕಾಚಾರದವರು ಈ ಧಂದೆಯಲ್ಲಿ ಕಡಿಮೆ.

ಆಮೇಲೆ ಬಂದದ್ದು ಬಿಟ್‌ಗಳ ಬಡಾಯಿ. ಸೇಗಾ ತನ್ನ ಕಪ್ಪು ಪೆಟ್ಟಿಗೆಯ ನೆತ್ತಿಯ ಮೇಲೆ '16-ಬಿಟ್' ಎಂದು ದೊಡ್ಡಕ್ಷರದಲ್ಲಿ ಬರೆಸಿತು. ಬಿಟ್ ಎಂದರೇನೆಂದು ಕೊಳ್ಳುವವನಿಗೆ ಗೊತ್ತಿಲ್ಲ, ಮಾರುವವನಿಗೂ ಗೊತ್ತಿಲ್ಲ. ಎಂಟಕ್ಕಿಂತ ಹದಿನಾರು ದೊಡ್ಡದೆಂದು ಮಾತ್ರ ಇಬ್ಬರಿಗೂ ಗೊತ್ತು! 'ಜೆನೆಸಿಸ್ ಡಸ್ ವಾಟ್ ನಿಂಟೆಂಡೋಂಟ್' ಎಂದು ಎದುರಾಳಿಯ ಹೆಸರೆತ್ತಿ ಹಂಗಿಸುವ ಜಾಹೀರಾತು ಹೊರಟಿತು. ನಿಂಟೆಂಡೊ ಚಿಕ್ಕ ಮಕ್ಕಳಿಗೆ, ನಮ್ಮದು ಮೀಸೆ ಮೊಳೆತವರಿಗೆ ಎಂಬ ಧಾಟಿ. ನಿಂಟೆಂಡೊ ಕೂಡ 16 ಬಿಟ್‌ಗೆ ಬಂದಾಗ ಸೇಗಾ 'ಬ್ಲಾಸ್ಟ್ ಪ್ರೊಸೆಸಿಂಗ್' ಎಂಬ ಹೊಸ ಮಂತ್ರ ತೆಗೆಯಿತು. ಎಂಜಿನಿಯರನೊಬ್ಬ ಯಾವುದೋ ಒಳತಂತ್ರದ ಬಗ್ಗೆ ಆಡಿದ ಮಾತನ್ನು ಜಾಹೀರಾತಿನವರು ಎತ್ತಿಕೊಂಡು ಊದಿದ್ದು. ಆಗಿನ ಆಟಗಳಲ್ಲಿ ಆ ತಂತ್ರ ಬಳಕೆಯಾದದ್ದು ಇಲ್ಲವೆನ್ನುವಷ್ಟು ಕಡಿಮೆ. ಸೇಗಾದ ಪ್ರೊಸೆಸರ್ ವೇಗ 7.6 ಮೆಗಾಹರ್ಟ್ಸ್, ನಿಂಟೆಂಡೊದ್ದು 3.58 ಎಂಬುದು ನಿಜವೇ. ಬಣ್ಣದಲ್ಲಿ, ಸದ್ದಿನಲ್ಲಿ ನಿಂಟೆಂಡೊ ಮುಂದಿತ್ತು ಎಂಬುದೂ ಅಷ್ಟೇ ನಿಜ. ಅದನ್ನು ಮಾತ್ರ ಬ್ಲಾಸ್ಟ್ ಹೇಳಲಿಲ್ಲ. 1993ರಲ್ಲಿ ಅಟಾರಿ '64-ಬಿಟ್' ಜಾಗ್ವಾರ್ ತಂದು, ಲೆಕ್ಕ ಹಾಕಿಕೊಳ್ಳಿ ಎಂದು ಜನರಿಗೆ ಸವಾಲು ಹಾಕಿತು. ಜನ ಲೆಕ್ಕ ಹಾಕಿದರು. ಆಟಗಳೇ ಇಲ್ಲ ಎಂದು ಗೊತ್ತಾಯಿತು. ಜಾಗ್ವಾರ್ ಮಣ್ಣುಮುಕ್ಕಿತು.

ಸೋನಿ ಈ ಕಣಕ್ಕೆ ಇಳಿದದ್ದೇ ಅವಮಾನದಿಂದ. 1991ರಲ್ಲಿ ನಿಂಟೆಂಡೊ ಜೊತೆ ಸೇರಿ ಸಿ.ಡಿ. ಪೆಟ್ಟಿಗೆ ತರುತ್ತೇವೆಂದು ಸೋನಿ ಘೋಷಿಸಿದ ಮಾರನೇ ದಿನವೇ ನಿಂಟೆಂಡೊ ಫಿಲಿಪ್ಸ್ ಜೊತೆ ಕೈಕುಲುಕಿತು. ಕೆನ್ ಕುಟರಾಗಿ ಎಂಬ ಎಂಜಿನಿಯರ್ ಹಠ ಹಿಡಿದು ಕೂತ. 1994ರ ಡಿಸೆಂಬರಿನಲ್ಲಿ ಪ್ಲೇಸ್ಟೇಷನ್ ಹೊರಬಂತು. ಮರುವರ್ಷ ಮೇ ತಿಂಗಳಲ್ಲಿ ಲಾಸ್ ಏಂಜಲೀಸ್‌ನ ಮೊದಲ ಇ-3 ಮೇಳ. ಸೇಗಾದವರು ತಮ್ಮ ಸ್ಯಾಟರ್ನ್ 399 ಡಾಲರಿಗೆ ಇವತ್ತೇ ಅಂಗಡಿಯಲ್ಲಿದೆ ಎಂದು ಬಾಂಬ್ ಹಾಕಿದರು. ಸೆಪ್ಟೆಂಬರಿನಲ್ಲಿ ಬರಬೇಕಿದ್ದ ಪೆಟ್ಟಿಗೆ ಅದು. ಆಮೇಲೆ ಸೋನಿಯ ಸ್ಟೀವ್ ರೇಸ್ ವೇದಿಕೆ ಹತ್ತಿದ. ಒಂದೇ ಸಂಖ್ಯೆ ಹೇಳಿದ, 299. ಇಳಿದುಹೋದ. ಸೇಗಾದ ಆತುರಕ್ಕೆ ತಯಾರಿಲ್ಲದ ಅಂಗಡಿಯವರು ಸಿಟ್ಟಾದರು, ಒಂದು ದೊಡ್ಡ ಆಟಿಕೆ ಅಂಗಡಿ ಸರಣಿ ಸ್ಯಾಟರ್ನ್ ಇಡುವುದನ್ನೇ ಬಿಟ್ಟಿತು. ಇಡೀ ಇತಿಹಾಸದಲ್ಲಿ ಇದಕ್ಕಿಂತ ಚಿಕ್ಕ ಭಾಷಣ ಇದಕ್ಕಿಂತ ದೊಡ್ಡ ಕೆಲಸ ಮಾಡಿದ್ದು ನನಗಂತೂ ಗೊತ್ತಿಲ್ಲ. ನಮ್ಮ ರಾಜಕಾರಣಿಗಳು ಕಲಿಯಬಹುದು.

ಆ 299ರ ಹಿಂದಿನ ಲೆಕ್ಕ ಹೀಗೆ: ಪೆಟ್ಟಿಗೆಯಲ್ಲಿ ಲಾಭ ಬೇಡ, ಬೇಕಾದರೆ ನಷ್ಟವೇ ಆಗಲಿ. ಆಮೇಲೆ ಬರುವ ಪ್ರತಿ ಆಟದ ಮೇಲೆ, ಯಾರೇ ಬರೆದಿರಲಿ, ನಮಗೆ ಕಪ್ಪ. 2006ರಲ್ಲಿ ಪ್ಲೇಸ್ಟೇಷನ್ 3 ಬಂದಾಗ 599 ಡಾಲರಿನ ಪೆಟ್ಟಿಗೆಯ ಒಳಸಾಮಾನಿನ ಖರ್ಚೇ ಸುಮಾರು 840 ಡಾಲರ್ ಎಂದು ಐಸಪ್ಲೈ ಎಂಬ ಸಂಸ್ಥೆ ಬಿಚ್ಚಿ ನೋಡಿ ಲೆಕ್ಕ ಕೊಟ್ಟಿತು. 240 ಡಾಲರ್ ನಷ್ಟಕ್ಕೆ ಯಾರಾದರೂ ನಿಮಗೆ ಏನನ್ನಾದರೂ ಮಾರುತ್ತಾರೆಂದರೆ, ಮಾರುತ್ತಿರುವುದು ಅದನ್ನಲ್ಲ ಎಂದು ಅರ್ಥ. ಮೀನಿಗೆ ಹಾಕುವ ಎರೆಹುಳಕ್ಕೆ ಯಾರೂ ಬಿಲ್ ಕೊಡುವುದಿಲ್ಲ. ಎಲ್ಲ ಕಾಲಕ್ಕೂ ಎಲ್ಲ ಪೆಟ್ಟಿಗೆಯೂ ನಷ್ಟದಲ್ಲಿ ಹೋಗುತ್ತದೆಂದಲ್ಲ. 2006ರ ನಿಂಟೆಂಡೊ ವೀ ಮೊದಲ ದಿನದಿಂದಲೇ ಲಾಭದಲ್ಲಿತ್ತು. ಆದರೆ ಬೀಗ ಯಾಕೆ ಬೇಕು ಎಂಬ ಪ್ರಶ್ನೆಗೆ ಉತ್ತರ ಈ ಕಪ್ಪದಲ್ಲಿದೆ.

ಚೆಂದದ ಹುಚ್ಚಿಗೆ ಇನ್ನೊಂದು ಉದಾಹರಣೆ ಕೇಳಿ. 2005ರ ಎಕ್ಸ್‌ಬಾಕ್ಸ್ 360. ಹಿಂದಿನ ಎಕ್ಸ್‌ಬಾಕ್ಸ್ ಕರಿ ಬಂಡೆಯಂತಿತ್ತು, ಜಪಾನಿನವರು ನಕ್ಕರು. ಈ ಸಲ ಸ್ಯಾನ್‌ಫ್ರಾನ್ಸಿಸ್ಕೋದ ಒಂದು, ಒಸಾಕಾದ ಒಂದು, ಹೀಗೆ ಎರಡು ವಿನ್ಯಾಸ ಸಂಸ್ಥೆಗಳನ್ನು ಕೂರಿಸಿ, ಉಸಿರೆಳೆದು ಹೊಟ್ಟೆ ಒಳಗೆ ಹಾಕಿಕೊಂಡಂಥ ಸಪೂರ ರೂಪ ಮಾಡಿಸಿದರು. ಒಳಗೆ? ಡಿ.ವಿ.ಡಿ. ಡ್ರೈವ್ ಚಿತ್ರದ ಚಿಪ್ಪಿನ ಮೇಲೆಯೇ ಕೂತಿತ್ತು, ಶಾಖ ಹೀರುವ ಲೋಹಕ್ಕೆ ಎತ್ತರವಿರಲಿಲ್ಲ. ಕಾದು, ತಣಿದು, ಕಾದು, ತಣಿದು ಒಳಗಿನ ಬೆಸುಗೆಗಳು ಬಿರಿದವು. ಮುಂದಿನ ಹಸಿರು ಉಂಗುರ ಕೆಂಪಾಯಿತು. ಗಿರಾಕಿಗಳು ಒಂದೂವರೆ ವರ್ಷ ಬಾಯಿ ಬಡಿದುಕೊಂಡ ಮೇಲೆ, 2007ರ ಜುಲೈನಲ್ಲಿ ಮೈಕ್ರೋಸಾಫ್ಟ್ ಮೂರು ವರ್ಷದ ವಾರಂಟಿ ಕೊಟ್ಟು 100 ಕೋಟಿ ಡಾಲರಿಗೂ ಮಿಕ್ಕಿದ ಹಣ ತೆಗೆದಿಟ್ಟಿತು. ಭಂಡತನ ನೋಡಿ, 2021ರಲ್ಲಿ ಅದೇ ಕೆಂಪು ಉಂಗುರದ ಚಿತ್ರವನ್ನು ಪೋಸ್ಟರ್ ಮಾಡಿ ಮಾರಿದರು. ಹಾಳಾದದ್ದನ್ನೂ ಮಾರಬಲ್ಲ ಗಂಡೆದೆ!

ಕೆಟ್ಟರೆ ವಾರಂಟಿಯಾದರೂ ಇದೆ. ಕೊಟ್ಟದ್ದನ್ನು ವಾಪಸ್ ಕಿತ್ತುಕೊಂಡರೆ? ಪ್ಲೇಸ್ಟೇಷನ್ 3 ಬಂದಾಗ ಅದರಲ್ಲಿ ಲಿನಕ್ಸ್ ಹಾಕಿ ಪೂರ್ತಿ ಕಂಪ್ಯೂಟರ್ ಮಾಡಿಕೊಳ್ಳಬಹುದೆಂದು ಸೋನಿಯೇ ಹೇಳಿತ್ತು. ಅದನ್ನು ನಂಬಿ ಕೊಂಡವರಲ್ಲಿ ವಿಜ್ಞಾನಿಗಳಿದ್ದರು. ಅಮೆರಿಕದ ವಾಯುಪಡೆಯೇ 1,700ಕ್ಕೂ ಹೆಚ್ಚು ಪೆಟ್ಟಿಗೆ ಜೋಡಿಸಿ ಸೂಪರ್ ಕಂಪ್ಯೂಟರ್ ಕಟ್ಟಿತು. 2010ರ ಏಪ್ರಿಲ್ 1ರಂದು, ತಾರೀಖು ಗಮನಿಸಿ, ಒಂದು ಅಪ್‌ಡೇಟ್ ಬಂತು. ಹಾಕಿಕೊಂಡರೆ ಲಿನಕ್ಸ್ ಹೋಗುತ್ತದೆ. ಹಾಕಿಕೊಳ್ಳದಿದ್ದರೆ ಆನ್‌ಲೈನ್ ಆಟ ಹೋಗುತ್ತದೆ, ಹೊಸ ಆಟಗಳೂ ಓಡುವುದಿಲ್ಲ. ಕಾರಣ ಭದ್ರತೆಯಂತೆ. ನೀವು ಮನೆ ಕೊಂಡ ನಾಲ್ಕು ವರ್ಷಕ್ಕೆ ಬಿಲ್ಡರ್ ಬಂದು, ಅಡುಗೆಮನೆ ಬೇಕೋ ಬಚ್ಚಲು ಬೇಕೋ, ಒಂದನ್ನು ಆರಿಸಿಕೋ, ಇನ್ನೊಂದನ್ನು ಇಟ್ಟಿಗೆ ಇಟ್ಟು ಮುಚ್ಚುತ್ತೇನೆ ಅಂದ ಹಾಗೆ. ಅಲ್ಲಿನ ಗಿರಾಕಿಗಳು ಸುಮ್ಮನಿರಲಿಲ್ಲ. ಕೋರ್ಟಿಗೆ ಎಳೆದರು, ವರ್ಷಗಟ್ಟಲೆ ಜಗ್ಗಾಡಿದರು, ಕೊನೆಗೆ ಸೋನಿ ರಾಜಿಗೆ ಬಂದು ಹಣ ಕೊಟ್ಟಿತು. ತಲೆಗೆ ಸಿಕ್ಕಿದ್ದು ಪುಡಿಗಾಸು. ಆದರೂ ಕೇಳಿದರಲ್ಲ!

ಈಗ ಡಿಸ್ಕ್ ವಿಚಾರಕ್ಕೆ ಬನ್ನಿ. 2013ರ ಜೂನ್. ಮೈಕ್ರೋಸಾಫ್ಟ್ ಹೊಸ ಎಕ್ಸ್‌ಬಾಕ್ಸ್ ಒನ್ ಘೋಷಿಸಿ, ದಿನಕ್ಕೊಮ್ಮೆ ನೆಟ್‌ಗೆ ಹಾಜರಿ ಹಾಕಬೇಕು, ಹಳೆಯ ಡಿಸ್ಕ್ ಕೈ ಬದಲಿಸಲು ನಿರ್ಬಂಧವಿದೆ ಎಂದಿತ್ತು. ಸೋನಿ ಅದನ್ನು ಅಣಕಿಸಿ ಒಂದು ಪುಟಾಣಿ ಚಿತ್ರ ಬಿಟ್ಟಿತು. ಪ್ಲೇಸ್ಟೇಷನ್ 4ರ ಆಟವನ್ನು ಗೆಳೆಯನಿಗೆ ಕೊಡುವುದು ಹೇಗೆ? ಒಬ್ಬ ಡಬ್ಬಿ ಚಾಚುತ್ತಾನೆ, ಇನ್ನೊಬ್ಬ ಥ್ಯಾಂಕ್ಸ್ ಎಂದು ತೆಗೆದುಕೊಳ್ಳುತ್ತಾನೆ. ಮುಗಿಯಿತು. ಜಗತ್ತಿನ ಹುಡುಗರೆಲ್ಲ ಚಪ್ಪಾಳೆ ತಟ್ಟಿದರು. ಮೈಕ್ರೋಸಾಫ್ಟ್ ಹತ್ತೇ ದಿನದೊಳಗೆ ಬಾಲ ಮುದುರಿತು. ಚಪ್ಪಾಳೆಯ ಸದ್ದು ಅಡಗಿ 11 ವರ್ಷವಾದ ಮೇಲೆ, 2024ರ ನವೆಂಬರಿನಲ್ಲಿ, ಅದೇ ಸೋನಿ 699 ಡಾಲರಿನ ಪ್ಲೇಸ್ಟೇಷನ್ 5 ಪ್ರೊ ತಂದಿತು. ಅದರಲ್ಲಿ ಡಿಸ್ಕ್ ಹಾಕುವ ಸೀಳೇ ಇಲ್ಲ. ಬೇಕಾದವರು ಡ್ರೈವ್ ಬೇರೆ ಕೊಳ್ಳಿ. ನಿಲ್ಲಿಸಿಡುವ ಸ್ಟ್ಯಾಂಡ್? ಅದೂ ಬೇರೆ. ಮೈಕ್ರೋಸಾಫ್ಟ್ ಡ್ರೈವ್ ಇಲ್ಲದ ಪೆಟ್ಟಿಗೆಯನ್ನು 2019ರಲ್ಲೇ ಮಾರಿತ್ತು. ನಿಂಟೆಂಡೊ ಇನ್ನೂ ಜಾಣ. 2025ರ ಸ್ವಿಚ್ 2ಕ್ಕೆ ಬರುವ ಕೆಲವು ಕಾರ್ಡ್‌ಗಳಲ್ಲಿ ಆಟವೇ ಇರುವುದಿಲ್ಲ, ಬರೀ ಕೀಲಿ ಇರುತ್ತದೆ. ಆಟವನ್ನು ನೆಟ್‌ನಿಂದ ಇಳಿಸಿಕೊಳ್ಳಬೇಕು. ಡಬ್ಬಿಯಿದೆ, ಕಾರ್ಡಿದೆ, ಒಳಗೆ ಕಡಲೆಯಿಲ್ಲ.

ಇದರಲ್ಲಿ ನಿಮಗೇನು ನಷ್ಟ ಅಂತೀರಾ? ಡಿಸ್ಕ್ ಎಂದರೆ ನಿಮ್ಮ ಬೀದಿಯ ಆರ್ಥಿಕತೆ. ನಾಲ್ಕು ಜನ ಸೇರಿ ಒಂದೊಂದು ಕೊಂಡು ಅದಲುಬದಲು ಮಾಡಿಕೊಳ್ಳುತ್ತೀರಿ. ಮುಗಿಸಿದ ಆಟವನ್ನು ಅರ್ಧ ಬೆಲೆಗೆ ಮಾರಿ ಇನ್ನೊಂದಕ್ಕೆ ಹಾಕುತ್ತೀರಿ. ಹೊಸ ದೊಡ್ಡ ಆಟಕ್ಕೆ ನಾಲ್ಕೈದು ಸಾವಿರ ರೂಪಾಯಿ ಕೇಳುವ ದೇಶದಲ್ಲಿ ವಿದ್ಯಾರ್ಥಿಯೊಬ್ಬ ಆಡುವುದು ಹೀಗೆಯೇ. ಸೀಳು ಮುಚ್ಚಿದರೆ ಅಂಗಡಿ ಒಂದೇ, ಕಂಪನಿಯ ಅಂಗಡಿ. ಬೆಲೆ ಅವರು ಹೇಳಿದ್ದು. ಮಾರುವ ಹಾಗಿಲ್ಲ, ಕೊಡುವ ಹಾಗಿಲ್ಲ. 1985ರ ಬೀಗ ಆಟ ಬರೆಯುವವನ ಕೈಗೆ ಬಿದ್ದಿತ್ತು, ಈಗಿನದು ನಿಮ್ಮ ಕೈಗೆ.

ಬೆಲೆಯ ಮಾತು ಬಂತಲ್ಲ. ಪ್ಲೇಸ್ಟೇಷನ್ 4 ಅಮೆರಿಕದಲ್ಲಿ 399 ಡಾಲರ್, ಆಗಿನ ಲೆಕ್ಕದಲ್ಲಿ ಸುಮಾರು 25,000 ರೂಪಾಯಿ. 2014ರ ಜನವರಿಯಲ್ಲಿ ನಮ್ಮಲ್ಲಿಗೆ ಬಂದಾಗ 39,990. ಸುಂಕ, ತೆರಿಗೆ ಸೇರಿರುತ್ತವೆ, ಎಲ್ಲವನ್ನೂ ಕಂಪನಿಯ ತಲೆಗೆ ಕಟ್ಟಲಾಗದು. ಪ್ಲೇಸ್ಟೇಷನ್ 5 ಬೇರೆ ದೇಶಗಳಿಗೆ 2020ರ ನವೆಂಬರಿನಲ್ಲಿ, ನಮಗೆ 2021ರ ಫೆಬ್ರವರಿಯಲ್ಲಿ, 49,990ಕ್ಕೆ. ಪೆಟ್ಟಿಗೆ ಹಳತಾದರೆ ಬೆಲೆ ಇಳಿಯುವುದು ಈ ಧಂದೆಯ ಹಳೆಯ ಪದ್ಧತಿ. ಇದರ ಬೆಲೆ 2022ರ ನವೆಂಬರಿನಲ್ಲಿ 54,990ಕ್ಕೆ ಏರಿತು! 2024ರಲ್ಲಿ ಪ್ರೊ ಬಂದಾಗ ಭಾರತದ ಹೆಸರೇ ಇರಲಿಲ್ಲ. ಅದರೊಳಗಿನ ಹೊಸ ವೈಫೈ ಬಳಸುವ 6 ಗಿಗಾಹರ್ಟ್ಸ್ ತರಂಗಕ್ಕೆ ನಮ್ಮ ಸರ್ಕಾರದ ಅನುಮತಿ ಆಗ ಇರಲಿಲ್ಲ. ನಿಂಟೆಂಡೊ 2025ರ ಜೂನ್‌ನಲ್ಲಿ ಸ್ವಿಚ್ 2 ಬಿಟ್ಟಾಗಲೂ ನಮ್ಮ ದೇಶ ಪಟ್ಟಿಯಲ್ಲಿರಲಿಲ್ಲ. ಬೇಕಾದವರು ಹೊರಗಿನಿಂದ ತಂದು ಮಾರುವವನ ಬಳಿ, ವಾರಂಟಿ ದೇವರ ಮೇಲೆ ಬಿಟ್ಟು ಕೊಂಡರು.

ಇನ್ನು ಭಾಷೆ. ಪ್ಲೇಸ್ಟೇಷನ್ ಮೆನು ತೆರೆದು ಭಾಷೆಗಳ ಪಟ್ಟಿ ನೋಡಿದ್ದೀರಾ? ಫಿನ್ನಿಶ್ ಇದೆ. ಫಿನ್ಲೆಂಡಿನ ಜನಸಂಖ್ಯೆ ಸುಮಾರು 56 ಲಕ್ಷ, ನಮ್ಮ ಬೆಂಗಳೂರಿನ ಅರ್ಧವೂ ಇಲ್ಲ. ಡ್ಯಾನಿಶ್ ಇದೆ, ನಾರ್ವೇಜಿಯನ್ ಇದೆ. 2011ರ ಜನಗಣತಿಯಂತೆ 4 ಕೋಟಿ 37 ಲಕ್ಷ ಜನರ ತಾಯ್ನುಡಿಯಾದ ಕನ್ನಡ ಇಲ್ಲ. ಆಗುವುದಿಲ್ಲ ಎಂಬ ನೆಪ ಇಲ್ಲಿ ನಡೆಯದು. ಮೈಕ್ರೋಸಾಫ್ಟ್ ತನ್ನ ವಿಂಡೋಸನ್ನು ವರ್ಷಗಳ ಹಿಂದೆಯೇ ಕನ್ನಡದಲ್ಲಿ ಕೊಟ್ಟಿದೆ. ಅದೇ ಮೈಕ್ರೋಸಾಫ್ಟಿನ ಎಕ್ಸ್‌ಬಾಕ್ಸ್‌ಗೆ ಕನ್ನಡ ಬಾರದು! ಅಕ್ಷರವಿದೆ, ಅನುವಾದಕರಿದ್ದಾರೆ, ಕಂಪನಿಯೂ ಒಂದೇ. ಕೇಳುವ ಗಿರಾಕಿ ಕಾಣಿಸಿಲ್ಲ, ಅಷ್ಟೇ. ಫಿನ್ಲೆಂಡಿನ ಹುಡುಗ ಇಂಗ್ಲಿಷ್ ಬರುವುದಿಲ್ಲವೆಂದು ಫಿನ್ನಿಶ್ ಪಡೆದನೇ? ಅವನ ಇಂಗ್ಲಿಷ್ ನಮಗಿಂತ ಚೆನ್ನಾಗಿದೆ. ತನ್ನ ದುಡ್ಡಿಗೆ ತನ್ನ ನುಡಿ ಎಂಬುದು ಅವನಿಗೆ ಪ್ರಶ್ನೆಯೇ ಅಲ್ಲ.

ಮಾರುಕಟ್ಟೆಯ ತೂಕ ಇದ್ದಲ್ಲಿಗೆ ವಿನ್ಯಾಸ ವಾಲುತ್ತದೆ. ಸ್ವತಃ ಜಪಾನೇ ಇದನ್ನು ಅನುಭವಿಸಿದೆ. ಪ್ಲೇಸ್ಟೇಷನ್ ಕಂಟ್ರೋಲರಿನ ನಾಲ್ಕು ಚಿಹ್ನೆಗಳನ್ನು ರೂಪಿಸಿದವನು ತೇಯು ಗೋಟೋ. ವೃತ್ತ ಎಂದರೆ ಹೌದು, ಕತ್ತರಿ ಗುರುತು ಎಂದರೆ ಇಲ್ಲ. ಜಪಾನಿನ ಶಾಲೆಯಲ್ಲಿ ಸರಿ ಉತ್ತರಕ್ಕೆ ಮೇಷ್ಟ್ರು ವೃತ್ತ ಹಾಕುತ್ತಾರೆ, ಅಲ್ಲಿನ ಮಗುವಿಗೆ ಅದು ರಕ್ತಗತ. ಅಮೆರಿಕಕ್ಕೆ ಹೋದಾಗ ಇದು ತಿರುವುಮುರುವಾಯಿತು, ಕತ್ತರಿಯೇ ಹೌದು ಆಯಿತು. 25 ವರ್ಷ ಎರಡೂ ಪದ್ಧತಿ ಅವರವರ ಊರಲ್ಲಿ ಉಳಿದವು. 2020ರಲ್ಲಿ ಪ್ಲೇಸ್ಟೇಷನ್ 5 ಬಂದಾಗ ಸೋನಿ ಇಡೀ ಜಗತ್ತಿಗೆ ಒಂದೇ ನಿಯಮ ಮಾಡಿತು: ಕತ್ತರಿಯೇ ಹೌದು. ಟೋಕಿಯೋದಲ್ಲಿ ಹುಟ್ಟಿದ ಕಂಪನಿ, ಜಪಾನಿ ವಿನ್ಯಾಸಕಾರ, ಜಪಾನಿ ಚಿಹ್ನೆ. ಅಲ್ಲಿನ ಹುಡುಗರು ಗೊಣಗುತ್ತಾ ಬೆರಳು ತಿದ್ದಿಕೊಂಡರು. ತನ್ನ ಮನೆಯವರನ್ನೇ ಹೀಗೆ ನೋಡಿಕೊಂಡವರು ಕೇಳದೇ ಕುಳಿತ ನಮ್ಮನ್ನು ಹುಡುಕಿಕೊಂಡು ಬರುತ್ತಾರೆಯೇ?

ಈ ದೀಪಾವಳಿಯ ರಿಯಾಯಿತಿಗೆ ಅಂಗಡಿಗೆ ಹೋಗುವವರಿಗೆ ಒಂದು ಮಾತು. ಟೆರಾಫ್ಲಾಪು, 4ಕೆ, 8ಕೆ ಎಂದು ಹೊಸ ಬ್ಲಾಸ್ಟ್ ಪ್ರೊಸೆಸಿಂಗ್ ಪಟ್ಟಿ ಓದುವ ಮಾರಾಟಗಾರನನ್ನು ಅಲ್ಲೇ ನಿಲ್ಲಿಸಿ, ಡಿಸ್ಕ್ ಡ್ರೈವ್ ಇದೆಯೇ ಎಂದು ಕೇಳಿ. ಬೇರೆ ಕೊಂಡು ಸಿಕ್ಕಿಸಬಹುದು ಎನ್ನುತ್ತಾನೆ. ನಿಜ, ಪ್ಲೇಸ್ಟೇಷನ್ 5ರ 2023ರ ಸಣ್ಣ ಮಾದರಿಯಿಂದ ಹಾಗೆ ಸಿಕ್ಕಿಸಬಹುದು. ಸಿಕ್ಕಿಸಿದ ಮೇಲೆ ಮೊದಲ ಸಲ ಅದು ನೆಟ್‌ಗೆ ಹೋಗಿ ಸೋನಿಯ ಸರ್ವರಿನ ಬಳಿ ನೋಂದಾಯಿಸಿಕೊಂಡು ಬರಬೇಕು. ಅಲ್ಲಿಯವರೆಗೆ, ನಿಮ್ಮ ಕೈಯಲ್ಲಿರುವ ಡಿಸ್ಕನ್ನು ನಿಮ್ಮ ದುಡ್ಡಿನ ಡ್ರೈವ್ ನಿಮ್ಮ ಮನೆಯಲ್ಲೇ ಓದುವುದಿಲ್ಲ.